ಮೂಗಯ್ಯನಿಗೊಂದು ಮೂಗು

ಮೂಗಯ್ಯ ಮೊದಲ ಸಲ ಮನೆಗೆ ಬಂದ ದಿನ ಗುಂಡಿಯಮ್ಮ ಅವನ ಹತ್ತಿರ ಒಂದೇ ಒಂದು ಮಾತೂ ಆಡಲಿಲ್ಲ. ಆಡಬೇಕಾದ್ದನ್ನೆಲ್ಲ ಕೈಯಲ್ಲೇ ಆಡಿದಳು. ತಪ್ಪು ಅವಳದಲ್ಲ, ಅಳಿಯನದು. ಬಸ್ಸು ಓಡಿಸುವ ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ, ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, "ಅತ್ತೆ, ಬೀರು ಮಾಡೋಕೆ ಮೂಗಯ್ಯ ಬರ್ತಾನೆ, ಚಿಕ್ಕ ಕೋಣೆ ತೋರಿಸಿಬಿಡಿ" ಎಂದು ಹೇಳಿ ಮೆಟ್ಟಿಲಿಳಿದು ಹೋಗಿದ್ದ. ಮೂಗಯ್ಯ ಅಂದರೆ ಮೂಗ, ಪಾಪ, ಮಾತು ಬಾರದವನು ಎಂದು ಗುಂಡಿಯಮ್ಮ ತಿಳಿದಳು. ಯಾರಾದರೂ ಹಾಗೇ ತಿಳಿಯುತ್ತಾರೆ.

ಬಾಗಿಲು ತಟ್ಟಿದವನು ಏಣಿಯಂತೆ ಉದ್ದವಾಗಿದ್ದ. ಹೆಗಲಲ್ಲಿ ಉಳಿ, ಗರಗಸ, ಕೀಸುಳಿ ತುಂಬಿದ ಚೀಲ. ಗುಂಡಿಯಮ್ಮ ಕೈಬೀಸಿ ಒಳಗೆ ಕರೆದಳು. ಚಿಕ್ಕ ಕೋಣೆಯ ಗೋಡೆಗೆ ಅಂಗೈ ಇಟ್ಟು, ಬೀರು ಇಲ್ಲಿ ಎಂದು ತೋರಿಸಿದಳು. ಹೆಗಲಿನ ಎತ್ತರಕ್ಕೆ ಕೈ ಅಡ್ಡ ಹಿಡಿದು, ನನ್ನ ಬಟ್ಟೆಗೆ ಇಷ್ಟು ಎತ್ತರ ಸಾಕು ಎಂದಳು. ಮಂಡಿಯ ಹತ್ತಿರ ಕೈ ಎಳೆದು ತಳ್ಳಿ, ಕೆಳಗೆ ಡ್ರಾಯರು ಬೇಕು ಎಂದಳು. ಅವನು ಬಹಳ ಗಂಭೀರವಾಗಿ ತಲೆಯಾಡಿಸಿದ. ಡ್ರಾಯರು ಯಾರಿಗೆ ಎನ್ನುವ ಹಾಗೆ ಅಂಗೈ ಮೇಲಕ್ಕೆ ತಿರುಗಿಸಿದ. ಗುಂಡಿಯಮ್ಮ ಎರಡು ತೋಳು ಮಡಚಿ ಕೂಸು ತೂಗುವಂತೆ ತೂಗಿದಳು. ಅವನಿಗೆ ತಿಳಿಯಿತು. ಅವನೂ ಚೀಲ ಕೆಳಗಿಟ್ಟು ತೋಳು ಮಡಚಿ ತೂಗಿದ. ಖಾಲಿ ಕೋಣೆಯಲ್ಲಿ ಇಬ್ಬರು ದೊಡ್ಡವರು ಎದುರುಬದುರು ನಿಂತು ಇನ್ನೂ ಹುಟ್ಟದ ಕೂಸನ್ನು ತೂಗುತ್ತಿದ್ದಾಗ ತುಂಬು ಬಸುರಿ ಮಗಳು ಬಾಗಿಲಿಗೆ ಬಂದಳು.

"ಏನಮ್ಮಾ ಇದು, ನಾಟಕ ಕಲೀತಾ ಇದ್ದೀರಾ?"

"ಶ್, ಪಾಪ, ಅವರಿಗೆ ಮಾತು ಬರಲ್ಲ" ಎಂದಳು ಗುಂಡಿಯಮ್ಮ.

ಏಣಿಯಂಥ ಮನುಷ್ಯನ ತೋಳು ನಿಂತಲ್ಲೇ ನಿಂತಿತು. "ಅಯ್ಯೋ! ನಾನು ಅಮ್ಮನೋರಿಗೆ ಮಾತು ಬರಲ್ಲ ಅಂದ್ಕೊಂಡಿದ್ದೆನಲ್ಲ! ನನಗೆ ಮಾತು ಬರುತ್ತೆ ತಾಯಿ, ಬಂದ್ರೆ ನಿಲ್ಲಲ್ಲ ಅನ್ನೋದೇ ಎಲ್ರಿಗೂ ತೊಂದ್ರೆ."

ಅವನ ಹೆಸರು ಮೂಗ ಎನ್ನುವುದರಿಂದ ಬಂದದ್ದಲ್ಲ, ಮೂಗು ಎನ್ನುವುದರಿಂದ ಬಂದದ್ದು. ಅಂಥ ಮೂಗು. ಮುಖಕ್ಕಿಂತ ಒಂದು ಹೆಜ್ಜೆ ಮುಂದೆ ನಡೆಯುವ, ಮೊದಲು ಒಳಗೆ ಬಂದು ಕೂತು ಆಮೇಲೆ ಯಜಮಾನನನ್ನು ಕರೆಯುವ ಮೂಗು. "ನೀವು ಇದನ್ನ ನೋಡಿಯೂ ಮೂಗ ಅಂದ್ಕೊಂಡ್ರಲ್ಲಮ್ಮ, ನಿಮ್ಮಂಥ ಮರ್ಯಾದಸ್ಥರನ್ನ ನಾನು ಕಂಡಿಲ್ಲ" ಎಂದು ಅವನು ನಕ್ಕ. ಗುಂಡಿಯಮ್ಮನ ಹೆಸರಿನ ಕಥೆಯೂ ಅಂಥದ್ದೇ. ಅವಳ ಗಂಡ ದರ್ಜಿ. ಅಂಗಡಿಯಲ್ಲಿ ಅವನು ಕತ್ತರಿಸಿ ಹೊಲಿದರೆ ಇವಳು ಗುಂಡಿ ಹಚ್ಚಿ, ಗುಂಡಿ ತೂರುವ ಕಣ್ಣಿಗೆ ಸುತ್ತ ದಾರ ಕಟ್ಟುತ್ತಿದ್ದಳು. ದರ್ಜಿಗಳು ಆ ಕಣ್ಣಿಗೆ ಕಾಜಾ ಅನ್ನುತ್ತಾರೆ. ಗಂಡ ಹೋದ, ಅಂಗಡಿ ಹೋಯಿತು, ಹೆಸರು ಉಳಿಯಿತು. ರಸ್ತೆಯಲ್ಲಿ ಯಾರಾದರೂ "ಗುಂಡಿ, ಗುಂಡಿ, ನೋಡ್ಕೊಂಡು" ಎಂದು ಕೂಗಿದರೆ ಅತ್ತೆ ತಿರುಗಿ ನೋಡ್ತಾರೆ ಎಂದು ಅಳಿಯ ತಮಾಷೆ ಮಾಡುತ್ತಿದ್ದ.

ಮನೆ ಹೊಸದು, ಮೂರನೇ ಮಹಡಿ. ಹಾಲಿನ ಕಿಟಕಿ ದೊಡ್ಡ ರಸ್ತೆಗೆ ತೆರೆಯುತ್ತಿತ್ತು. ತೆರೆದರೆ ಲಾರಿಗಳ ಹೊಗೆ ಒಳಗೆ ಬಂದು ಕುರ್ಚಿಯಲ್ಲಿ ಕೂರುತ್ತಿತ್ತು. ಮಗಳ ಕೋಣೆಯೂ ಅದೇ ಪಕ್ಕಕ್ಕೆ. ಹಿಂದಿನ ಚಿಕ್ಕ ಕೋಣೆಗೆ ಮಾತ್ರ ಒಂದು ದೊಡ್ಡ ಮರ ಎದುರಿತ್ತು. ಕಿಟಕಿಯ ತುಂಬ ಎಲೆ, ಮಧ್ಯಾಹ್ನ ಗೋಡೆಯ ಮೇಲೆಲ್ಲ ನೀರಿನಂಥ ಬೆಳಕು ಆಡುತ್ತಿತ್ತು. ಕೂಸು ಅಲ್ಲೇ, ಅಜ್ಜಿಯ ಪಕ್ಕದಲ್ಲೇ ಮಲಗಬೇಕು ಎಂದು ಮನೆಯವರೆಲ್ಲ ಸೇರಿ ಆರಿಸಿದ ಕೋಣೆ ಅದು.

ಮೂಗಯ್ಯ ಕೆಲಸ ಹಿಡಿದ. ಕೈಗಿಂತ ಬಾಯಿ ಮುಂದೆ, ಆದರೆ ಕೈಯೂ ಹಿಂದೆ ಬೀಳುತ್ತಿರಲಿಲ್ಲ. ಗುಂಡಿಯಮ್ಮ ಬಾಗಿಲ ಬಳಿ ಚಾಪೆ ಹಾಕಿಕೊಂಡು ಕೂಸಿನ ಅಂಗಿಗಳಿಗೆ ಕಾಜಾ ಕಟ್ಟುತ್ತ ಅವನ ಮಾತು ಕೇಳುತ್ತಿದ್ದಳು. ಮೊದಮೊದಲು ಅಮ್ಮ ಅನ್ನುತ್ತಿದ್ದವನು ಯಾವಾಗಲೋ ಅಕ್ಕ ಅನ್ನತೊಡಗಿದ. ಹಲಗೆ ಬಂತು, ಅಂಟು ಬಂತು, ಬಣ್ಣ ಬಂತು, ಪಾಲಿಶ್ ಬಂತು, ಅದನ್ನು ತೆಳ್ಳಗೆ ಮಾಡುವ ಥಿನ್ನರ್ ಬಂತು. ಬೀರು ಎದ್ದು ನಿಂತಾಗ ಕನ್ನಡಿಯಂತೆ ಹೊಳೆಯಿತು. ಪಕ್ಕದ ಮನೆಯಾಕೆ ನೋಡಲು ಬಂದವಳು ಬಾಗಿಲಲ್ಲೇ ಕಣ್ಣು ಮುಚ್ಚಿ ಉಸಿರೆಳೆದಳು. "ಆಹಾ, ಹೊಸ ಮನೆ ವಾಸನೆ! ನಮ್ಮನೇದು ಯಾವತ್ತೋ ಹೋಗ್ಬಿಡ್ತು."

ಅದು ಹೋಗಬಾರದೆಂದೇ ಅಳಿಯ ಚಿಕ್ಕ ಕೋಣೆಯ ಕಿಟಕಿ ಮುಚ್ಚಿಸಿದ. ಹೊಸ ಮನೆಯ ವಾಸನೆ ಇದ್ದಷ್ಟು ದಿನ ಮನೆ ಹೊಸದು ಎನ್ನುವುದು ಅವನ ಲೆಕ್ಕ. ಹೊಸ ಬಸ್ಸು ಡಿಪೋಗೆ ಬಂದಾಗಲೂ ಅವನು ಹಾಗೇ ಕಿಟಕಿ ಮುಚ್ಚಿಕೊಂಡು ಒಂದು ಗಳಿಗೆ ಕೂರುತ್ತಿದ್ದನಂತೆ.

ಕೂಸು ಬರುವ ಮೊದಲು ಕೋಣೆ ಪಳಗಲಿ ಎಂದು ಗುಂಡಿಯಮ್ಮ ಅಲ್ಲಿ ಮಧ್ಯಾಹ್ನದ ನಿದ್ದೆ ಶುರು ಮಾಡಿದಳು. ಆ ಕೋಣೆಯಲ್ಲಿ ನಿದ್ದೆ ಬೇರೆ ಥರ ಬರುತ್ತಿತ್ತು. ಬರುತ್ತಿರಲಿಲ್ಲ, ಮೇಲೆ ಬೀಳುತ್ತಿತ್ತು, ಒದ್ದೆ ಕಂಬಳಿಯ ಹಾಗೆ. ಕನಸಿನಲ್ಲಿ ಗಂಡನ ಅಂಗಡಿ. ಅವನು ಬೆನ್ನು ಹಾಕಿ ಬಟ್ಟೆ ಕತ್ತರಿಸುತ್ತಿದ್ದಾನೆ, ಬಟ್ಟೆ ಮುಗಿಯುವುದಿಲ್ಲ, ಮೇಜಿನಿಂದ ಇಳಿದು ರಸ್ತೆಗೆ ಹರಿದು ಹೋಗುತ್ತಿದೆ. ಅದರ ಮೇಲೆ ಸಾಲಾಗಿ ಕಾಜಾಗಳು. ಒಂದೊಂದೂ ಕಣ್ಣಾಗಿ ತೆರೆದುಕೊಂಡು ನೀರು ಸುರಿಸುತ್ತಿದೆ. ಎದ್ದರೆ ತನ್ನ ಕಣ್ಣಲ್ಲೇ ನೀರು. ಗಂಟಲಲ್ಲಿ ಹತ್ತಿ ತುರುಕಿದ ಹಾಗೆ. ಸೂಜಿಗೆ ದಾರ ಪೋಣಿಸಲು ಕೂತರೆ ಸೂಜಿ ಎರಡಾಗಿ ಕಾಣುತ್ತಿತ್ತು. ಹಾಲಿಗೆ ಬಂದು ಸ್ವಲ್ಪ ಹೊತ್ತು ಕೂತರೆ, ಲಾರಿ ಹೊಗೆಯ ನಡುವೆಯೂ, ಸೂಜಿ ಮತ್ತೆ ಒಂದಾಗುತ್ತಿತ್ತು.

ಅವಳು ಯಾರಿಗೂ ಹೇಳಲಿಲ್ಲ. ವಯಸ್ಸಾಯಿತು ಅನ್ನುತ್ತಾರೆ. ಸುಮ್ಮನೆ ನೋಡಿದಳು: ಕೋಣೆಗೆ ಹೋದ ದಿನ ಹೀಗಾಗುತ್ತದೆ, ಹೋಗದ ದಿನ ಇಲ್ಲ. ಬಿಸಿಲು ಜೋರಿದ್ದ ದಿನ ಹೆಚ್ಚು. ಬೀರುವಿನ ಬಾಗಿಲು ತೆಗೆದರೆ ಇನ್ನೂ ಹೆಚ್ಚು. ಮೂಗಿಗಿಂತ ಮೊದಲು ಕಣ್ಣಿಗೆ ತಿಳಿಯುವ ವಾಸನೆ ಅದು. ಒಂದು ದಿನ ಮಗಳು ಕೂಸಿನ ಅಂಗಿ ಜೋಡಿಸಲು ಬೀರು ತೆಗೆದವಳು ತಲೆಸುತ್ತಿ ಚೌಕಟ್ಟು ಹಿಡಿದುಕೊಂಡಾಗ ಗುಂಡಿಯಮ್ಮ ಬಾಯಿಬಿಟ್ಟಳು.

ಮಗಳು ಡಾಕ್ಟರಮ್ಮನ ಹತ್ತಿರ ಹೋಗಿ ಬಂದಳು. ಆಕೆ ಮೊದಲು ಕೇಳಿದ್ದೇ, ಮನೆ ಹೊಸದಾ, ಬೀರು ಹೊಸದಾ ಎಂದಂತೆ. "ಅದು ಬರೀ ವಾಸನೆ ಅಲ್ವಂತೆ ಅಮ್ಮ. ಹಲಗೆ ಮಾಡುವಾಗ ಹಾಕಿರೋ ಅಂಟಿನಿಂದ ಒಂದು ಗಾಳಿ ಬಿಡುತ್ತಾ ಇರುತ್ತಂತೆ, ತಿಂಗಳುಗಟ್ಟಲೆ. ಬಣ್ಣದಿಂದ ಇನ್ನೊಂದು. ಕಿಟಕಿ ಮುಚ್ಚಿದ್ರೆ ಎಲ್ಲಾ ಅಲ್ಲೇ ತುಂಬ್ಕೊಳುತ್ತೆ. ಆ ಕೋಣೆ ಸರಿಹೋಗೋ ತನಕ ಕೂಸನ್ನ ಅಲ್ಲಿ ಮಲಗಿಸಲೇಬೇಡಿ ಅಂದ್ರು."

ಅಳಿಯನ ಮುಖ ಸಪ್ಪೆಯಾಯಿತು. ಸೆಂಟಿನ ಡಬ್ಬಿ ತಂದು ಕೋಣೆಯ ತುಂಬ ಹೊಡೆದ. ಈಗ ಎರಡು ವಾಸನೆ. ಕೊನೆಗೆ ಮೂಗಯ್ಯನನ್ನು ಕರೆಸಿದ. ಮೂಗಯ್ಯ ಬಂದು, ಬೀರುವಿನೊಳಗೆ ಅರ್ಧ ದೇಹ ತೂರಿಸಿ, ಆ ಮಹಾಮೂಗಿನಿಂದ ಇಡೀ ಕೋಣೆಗೆ ಕೇಳಿಸುವಂತೆ ಉಸಿರೆಳೆದ. "ಏನೂ ಇಲ್ವಲ್ಲ! ಹೂವಿನ ಹಾಗಿದೆ."

"ನೋಡಿ ಅತ್ತೆ" ಎಂದ ಅಳಿಯ. "ಇಷ್ಟುದ್ದ ಮೂಗಿಗೇ ಸಿಗದ ವಾಸನೆ ನಿಮ್ಮ ಸಾಸಿವೆಯಷ್ಟು ಮೂಗಿಗೆ ಎಲ್ಲಿಂದ ಸಿಕ್ತು?"

ಗುಂಡಿಯಮ್ಮ ಚಹಾ ಮಾಡಲು ಹೋದಳು. ಕಣ್ಣುರಿಯಲ್ಲಿ ಒಲೆಯ ಮೇಲಿನ ಹಾಲಿನ ಕಡೆ ಗಮನ ತಪ್ಪಿ ಅದು ತಳ ಹಿಡಿಯಿತು. ಬೇರೆ ಹಾಲಿರಲಿಲ್ಲ, ಅದರಲ್ಲೇ ಮಾಡಿ ತಂದಳು. ಅಳಿಯ ಲೋಟ ಬಾಯಿಯ ಹತ್ತಿರ ತಂದವನು ಮೂಗು ಮುರಿದು ಹಾಗೇ ಕೆಳಗಿಟ್ಟ. ಮಗಳು ದೂರದಿಂದಲೇ, "ಹಾಲು ಸೀದಿದೆ ಅಲ್ವಾ" ಅಂದಳು. ಮೂಗಯ್ಯ ಮಾತ್ರ ಕೊನೆಯ ಹನಿಯವರೆಗೂ ಕುಡಿದು, ಲೋಟ ಬೋರಲು ಮಾಡಿ, "ಇನ್ನೊಂದು ಚೂರು ಇದ್ರೆ ಹಾಕಿ ಅಕ್ಕ, ಬಹಳ ಚೆನ್ನಾಗಿದೆ" ಎಂದ.

ಗುಂಡಿಯಮ್ಮ ಅವನನ್ನೇ ನೋಡಿದಳು. ಇನ್ನೊಂದು ಚೂರು ಹಾಕಿದಳು. ಅದನ್ನೂ ಕುಡಿದ.

ಅಳಿಯ ಕೆಲಸಕ್ಕೆ ಹೋದ ಮೇಲೆ, ಮಗಳು ಮಲಗಿದ ಮೇಲೆ, ಅವಳು ಚಿಕ್ಕ ಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು. "ಮೂಗಯ್ಯ, ನಿನಗೆ ವಾಸನೆ ಬರೋದೇ ಇಲ್ಲ, ಅಲ್ವಾ?"

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಉಪ್ಪುಕಾಗದ ಹಿಡಿದು ಯಾವ ಕಾರಣವೂ ಇಲ್ಲದೆ ಒಂದು ಅಂಚನ್ನು ಉಜ್ಜುತ್ತಿದ್ದ. ಉಜ್ಜುವುದು ನಿಂತಿತು. ನಿಲ್ಲದೆ ಮಾತಾಡುವವನು ನಿಜವಾಗಿ ಮೂಗನಾಗಿ ನಿಂತ. ಕಿಟಕಿಯ ಗಾಜಿನ ಆಚೆ ಎಲೆಗಳು ಸದ್ದಿಲ್ಲದೆ ಅಲುಗುತ್ತಿದ್ದವು.

"ಯಾವತ್ತು ಹೋಯ್ತೋ ಗೊತ್ತಿಲ್ಲ ಅಕ್ಕ" ಎಂದ ಆಮೇಲೆ, ನೆಲ ನೋಡುತ್ತ. "ಹರೆಯದಿಂದ ಇದೇ ಕೆಲಸ. ಮುಚ್ಚಿದ ಕೋಣೆ, ಥಿನ್ನರು, ಬಾಯಿಗೆ ಒಂದು ಬಟ್ಟೇನೂ ಕಟ್ತಿರ್ಲಿಲ್ಲ, ಗಂಡಸು ಅಂತ. ಒಂದು ಮನೇಲಿ ಅಡುಗೆ ಗ್ಯಾಸ್ ಸೋರಿ ಎಲ್ರೂ ಎದ್ನೋ ಬಿದ್ನೋ ಅಂತ ಹೊರಗೋಡಿದ್ರು. ನಾನೊಬ್ಬ ಹಾಡು ಹೇಳ್ಕೊಂಡು ಪಾಲಿಶ್ ಹೊಡೀತಿದ್ದೆ. ಆಗ ಗೊತ್ತಾಯ್ತು. ಯಾರಿಗೂ ಹೇಳ್ಲಿಲ್ಲ. ಮೂಗಿಲ್ಲದ ಪಾಲಿಶಿನವನನ್ನ ಯಾರು ಕರೀತಾರೆ? ಒಣಗಿದೆಯೋ ಇಲ್ವೋ ಅಂತ ಮೂಸಿ ತಾನೇ ನೋಡೋದು. ನಾನು ಬೆರಳಲ್ಲಿ ಮುಟ್ಟಿ ನೋಡ್ತೀನಿ, ಮೂಸಿದ ಹಾಗೆ ನಟಿಸ್ತೀನಿ."

"ನಿನ್ನ ಹೆಂಡ್ತಿಗೆ?"

"ಅವಳಿಗೇ ಮೊದಲ ಸುಳ್ಳು ಹೇಳಿದ್ದು. ಮಗಳು ಹುಟ್ಟಿದಾಗ ಕೂಸಿನ ನೆತ್ತೀನ ನನ್ನ ಮೂಗಿಗೆ ಹಿಡಿದು, ‘ನೋಡಿ, ಎಂಥ ವಾಸನೆ’ ಅಂದ್ಲು. ನಾನು ‘ಆಹಾ’ ಅಂದೆ. ಅವಳು ತೀರಿಹೋಗೋ ತನಕ ಆಹಾ ಅಂತಲೇ ಇದ್ದೆ." ಅವನು ಬೀರುವಿನ ಬಾಗಿಲು ಸವರಿದ. "ಅಳಿಯಂದಿರಿಗೆ ಹೇಳಿಬಿಡಿ ಅಕ್ಕ. ಕೂಸಿನ ವಿಷಯ."

ಗುಂಡಿಯಮ್ಮನಿಗೆ ಯೋಚಿಸಲು ಹೊತ್ತು ಬೇಕಿತ್ತು. ಅವಳು ಕೂತು ಒಂದು ಕಾಜಾ ಪೂರ್ತಿ ಕಟ್ಟಿದಳು, ದಾರ ಕಚ್ಚಿ ಹರಿದಳು. ಇವನ ಗುಟ್ಟು ಹೇಳಿದರೆ ಅಳಿಯ ಇವನನ್ನು ಕಳಿಸಿ ಇನ್ನೊಬ್ಬನನ್ನು ತರುತ್ತಾನೆ. ಆ ಇನ್ನೊಬ್ಬನಿಗೆ ಈ ಬೀರುವಿನ ಹೊಟ್ಟೆಯಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಕೂಸು ಬರಲು ದಿನ ಬಹಳ ಇರಲಿಲ್ಲ.

"ಇದರೊಳಗೆ ಎಲ್ಲೆಲ್ಲಿ ಯಾವ ಹಲಗೆ ಹಾಕಿದ್ದೀಯ ಅಂತ ನಿನಗೆ ಗೊತ್ತು" ಎಂದಳು. "ಎಲ್ಲಿಂದ ವಾಸನೆ ಬರುತ್ತೆ ಅಂತ ನನಗೆ ಗೊತ್ತಾಗುತ್ತೆ. ನಿನ್ನ ಕೈ, ನನ್ನ ಮೂಗು. ಕೋಣೆ ಸರಿ ಮಾಡು. ಸರಿಯಾಗದಿದ್ರೆ ಆಗ ಹೇಳ್ತೀನಿ."

"ಅವರಿಗೆ ಹೇಳೋಕೆ ಮುಂಚೆ ನನಗೊಂದು ಮಾತು ಹೇಳಿ."

"ಆಯ್ತು ಏಳು, ಕಿಟಕಿ ತೆಗಿ."

ಮೊದಲು ಬಾಗಿಲು, ಡ್ರಾಯರು ಎಲ್ಲ ಬಿಚ್ಚಿ ಮಾಳಿಗೆಯ ಮೇಲೆ ಬಿಸಿಲು ಗಾಳಿಗೆ ಒರಗಿಸಿದರು. ಮಗಳು ಫೋನಿನಲ್ಲಿ ಡಾಕ್ಟರಮ್ಮನನ್ನು ಕೇಳಿ ಕೇಳಿ ಹೇಳುತ್ತಿದ್ದಳು: ಬಿಸಿಯಾದರೆ ಹಲಗೆ ಹೆಚ್ಚು ಬಿಡುತ್ತದೆ, ಅದಕ್ಕೇ ಬಿಸಿಲು ಹೊತ್ತಿನಲ್ಲಿ ಜೋರು, ಎದುರುಬದುರು ಕಿಟಕಿ ಬಾಗಿಲು ತೆಗೆದಿಡಿ, ಫ್ಯಾನನ್ನು ಕಿಟಕಿಯಲ್ಲಿಟ್ಟು ಹೊರಕ್ಕೆ ಮುಖ ಮಾಡಿ, ಒಳಗಿನ ಗಾಳಿಯನ್ನು ಅದು ಆಚೆ ದೂಡಲಿ. ಫ್ಯಾನು ಮನೆಗೆ ಬೆನ್ನು ಹಾಕಿ ಮರಕ್ಕೆ ಗಾಳಿ ಬೀಸುವುದನ್ನು ಕಂಡು ಅಳಿಯ ಮೂಗಿನ ಮೇಲೆ ಬೆರಳಿಟ್ಟುಕೊಂಡ. "ಮರಕ್ಕೆ ಸೆಖೆಯಾ ಅತ್ತೆ?"

ಆಮೇಲೆ ಗುಂಡಿಯಮ್ಮ ಬೀರುವಿನ ಚೌಕಟ್ಟಿನ ಸುತ್ತ ಮೂಗು ಒಡ್ಡಿಕೊಂಡು ಹೋದಳು, ದರ್ಜಿಗಳು ಹೊಲಿಗೆ ಹಿಡಿದುಕೊಂಡು ಹೋಗುವ ಹಾಗೆ, ಒಂದು ಇಂಚೂ ಬಿಡದೆ. ಹೊಳೆಯುವ ಮೈಯಲ್ಲಿ ಅಷ್ಟಿರಲಿಲ್ಲ. ಕೊಯ್ದ ಅಂಚುಗಳಲ್ಲಿತ್ತು, ಕೀಲು ಕೂರಿಸಲು ಕೊರೆದ ತೂತುಗಳಲ್ಲಿತ್ತು, ಗೋಡೆಯ ಕಡೆಯ ಬೆನ್ನಿನಲ್ಲಿತ್ತು. ಅವಳು ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಅಲ್ಲಲ್ಲಿ ಗೀಟು ಎಳೆದಳು. ಗೀಟು ಬಿದ್ದ ಕಡೆಗಳನ್ನೆಲ್ಲ ಮೂಗಯ್ಯ ನೋಡಿ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಕಣ್ಣಿಗೆ ಕಾಣದ ಕಡೆ ಎಲ್ಲಾ ಹಾಗೇ ಬಿಟ್ಟಿದ್ದೀನಿ ಅಕ್ಕ. ಯಾರು ನೋಡ್ತಾರೆ ಅಂತ."

"ಅಂಗಿ ಒಳಗಡೆ ಹೊಲಿಗೆ ಹರಡಿಕೊಂಡಿದ್ರೆ ಮೈ ಕಡಿಯುತ್ತೆ ಮೂಗಯ್ಯ. ಯಾರೂ ನೋಡಲ್ಲ, ಹಾಕ್ಕೊಂಡವನಿಗೆ ಗೊತ್ತಾಗುತ್ತೆ."

ಅವನು ಅಂಚುಗಳಿಗೆಲ್ಲ ಪಟ್ಟಿ ಹೊಡೆದ, ತೂತು ಮುಚ್ಚಿದ. ಥಿನ್ನರ್ ಬೇಡದ, ನೀರಿನಲ್ಲಿ ಕಲಸುವ ಪಾಲಿಶ್ ತಂದು ಒಳಗೂ ಹೊರಗೂ ಬಳಿದು ಮೈ ಮುಚ್ಚಿದ. ಈ ಸಲ ಬಾಯಿಗೆ ಮೂಗಿಗೆ ಮುಖವಾಡ ಕಟ್ಟಿಕೊಂಡೇ ಬಳಿದ. ಅವನ ಮೂಗಿಗೆ ಹಿಡಿಸುವ ಮುಖವಾಡ ಸಿಗುವುದೇ ಕಷ್ಟವಾಯಿತು.

ಇಷ್ಟೆಲ್ಲ ಆದಮೇಲೆ ಗುಂಡಿಯಮ್ಮ ಮೂಸಿದಳು. ವಾಸನೆ ಇಲ್ಲ. ಅವಳಿಗೆ ಸಂತೋಷವಾಗುವ ಬದಲು ಭಯವಾಯಿತು. ಇದ್ದದ್ದು ಹೋಯಿತೋ, ಇಲ್ಲಾ ತನ್ನ ಮೂಗೇ ಹೋಯಿತೋ? ಮಗಳು ಡಾಕ್ಟರಮ್ಮನನ್ನು ಕೇಳಿ ಹೇಳಿದಳು: ಒಂದೇ ಕಡೆ ಇದ್ದರೆ ಮೂಗು ಬೇಗ ಒಗ್ಗಿಹೋಗುತ್ತದಂತೆ, ಆಮೇಲೆ ಅದರ ಮಾತು ನಂಬಬಾರದಂತೆ.

ಹಾಗಾಗಿ ಅವಳು ದಿನಾ ಸಂಜೆ ಕೆಳಗಿಳಿದು ಹೋಗತೊಡಗಿದಳು. ಮೂಗು ತೊಳೆದುಕೊಂಡು ಬರ್ತೀನಿ ಅನ್ನುತ್ತಿದ್ದಳು. ಗಲ್ಲಿಯ ತಿರುವಿನಲ್ಲಿ ಬ್ರೆಡ್ಡು ಸುಡುವ ಭಟ್ಟಿ. ಅಲ್ಲಿ ನಿಂತರೆ ಹೊಟ್ಟೆಯೊಳಗೆ ಯಾರೋ ದೀಪ ಹಚ್ಚಿದ ಹಾಗೆ ಬೆಚ್ಚಗಾಗುತ್ತಿತ್ತು. ಅದರಾಚೆ ಇಸ್ತ್ರಿ ಅಂಗಡಿ, ಒದ್ದೆ ಬಟ್ಟೆಯ ಆವಿ, ಆ ಆವಿಯೊಳಗಿಂದ ಗಂಡ ಈಗಲೋ ಆಗಲೋ ಹೊರಬರುವಂತೆ. ಅದರಾಚೆ ಚಪ್ಪಲಿ ಹೊಲಿಯುವವನ ಚರ್ಮ, ಗುಜರಿ ಪೇಪರಿನ ರಾಶಿ, ಕೊನೆಗೆ ಏನೂ ಅಲ್ಲದ, ಬರೀ ಸಂಜೆಯ ವಾಸನೆ. ಇಷ್ಟು ವರ್ಷ ಬದುಕಿದ್ದೂ ರಸ್ತೆಯನ್ನು ಹೀಗೆ ಮೂಗಿನಿಂದ ನಡೆದಿರಲಿಲ್ಲ. ಕಾಲು ನೆಲಕ್ಕೆ ತಾಗುತ್ತಿಲ್ಲ ಅನ್ನಿಸುತ್ತಿತ್ತು. ಅಲ್ಲಿಂದ ಮೆಟ್ಟಿಲು ಹತ್ತಿ ಬಂದು ಕೋಣೆಯ ಬಾಗಿಲಲ್ಲಿ ನಿಂತು ಒಂದೇ ಉಸಿರು. ಆ ಮೊದಲ ಉಸಿರಿಗೆ ಮಾತ್ರ ಬೆಲೆ. ಎರಡನೆಯದು ಆಗಲೇ ದಾಕ್ಷಿಣ್ಯಕ್ಕೆ ಬೀಳುತ್ತದೆ.

ಮೂಗಯ್ಯ ಅವಳ ಮುಖ ನೋಡುತ್ತ ಕಾಯುತ್ತಿದ್ದ. "ಹೇಗಿದೆ ಅಕ್ಕ?"

"ಕಡಿಮೆ ಆಗಿದೆ. ಹೋಗಿಲ್ಲ."

ಮತ್ತೊಂದು ಸಂಜೆ. "ಹೋಗಿಲ್ಲ. ಕೆಳಗಿನಿಂದ, ಬೆನ್ನಿಂದ ಬರ್ತಾ ಇದೆ."

ಮತ್ತೊಂದು ಸಂಜೆ ಅದೇ ಮಾತು ಹೇಳಿದಾಗ ಮೂಗಯ್ಯ ತಲೆ ತಗ್ಗಿಸಿದ. "ಬೆನ್ನಿಗೆ ಹಾಕಿದ್ದು ಪುಡಿ ಹಲಗೆ ಅಕ್ಕ. ಮರದ ಪುಡಿ ಅಂಟಲ್ಲಿ ಕಲಸಿ ಒತ್ತಿದ್ದು. ಅದರಲ್ಲಿ ಮರಕ್ಕಿಂತ ಅಂಟೇ ಜಾಸ್ತಿ ಇದ್ದ ಹಾಗಿದೆ, ಅಗ್ಗದ ಮಾಲು. ಎಷ್ಟು ಬಳಿದ್ರೂ ಅದರ ಬಾಯಿ ಮುಚ್ಚಲ್ಲ. ನನ್ನ ಹಾಗೆ. ಕಿತ್ತು ಹಾಕ್ಬೇಕು."

ಕಿತ್ತರೆ ಅದರ ಜಾಗಕ್ಕೆ ಏನು? ಹೊಸ ಹಲಗೆ ತಂದರೆ ಮತ್ತೆ ಹೊಸ ಅಂಟು. ಕೂಸಿನ ಅಂಗಿಗಳೆಲ್ಲ ಕಾಜಾ ಮುಗಿಸಿ ಮಡಿಚಿ ಕೂತಿದ್ದವು. ಆಗ ಗುಂಡಿಯಮ್ಮನಿಗೆ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಒರಗಿದ್ದ ಕತ್ತರಿಸುವ ಮೇಜು ನೆನಪಾಯಿತು. ಗಂಡ ಅದರ ಮೇಲೆ ಊರಿನ ಅರ್ಧ ಜನರ ಬಟ್ಟೆ ಕತ್ತರಿಸಿದ್ದ. ಮಾರಲು ಮನಸ್ಸು ಬಾರದೆ, ಮನೆಯಲ್ಲಿ ಇಡಲು ಜಾಗವಿಲ್ಲದೆ ಅಲ್ಲಿ ನಿಂತಿತ್ತು. ಗಟ್ಟಿ ಮರ, ಎಲ್ಲೂ ಅಂಟಿಲ್ಲ.

ಮೂಗಯ್ಯ ಅದನ್ನು ತಟ್ಟಿ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ. "ಇದನ್ನ ಕೊಯ್ಯೋದಾ? ಭಾವನವರ ಮೇಜು."

"ಅವರೇ ಇದ್ದಿದ್ರೆ ಕೂಸಿಗೆ ಅಂಗಿ ಹೊಲೀತಿರ್ಲಿಲ್ವಾ. ಕೊಯ್ಯಿ."

ಕೀಸುಳಿ ಹಾಕಿದಾಗ ಹಳೆಯ ಮರದಿಂದ ತೆಳ್ಳನೆಯ ಸುರುಳಿಗಳು ಎದ್ದು ಬಿದ್ದವು. ಗುಂಡಿಯಮ್ಮ ಒಂದನ್ನು ಎತ್ತಿ ಮೂಗಿಗೆ ಹಿಡಿದಳು. ಮೂಗಯ್ಯ ಕೀಸುವುದನ್ನು ನಿಲ್ಲಿಸಿ ಕೇಳಿದ. "ಏನ್ ವಾಸನೆ ಅಕ್ಕ?" ಪರೀಕ್ಷೆಗಾಗಿ ಕೇಳಿದ್ದಲ್ಲ; ಬೇಕಾಗಿಯೇ ಕೇಳಿದ್ದು.

ಅವಳು ಅವಸರ ಮಾಡಲಿಲ್ಲ. "ಮೊದಲು ಸುಣ್ಣದ ಬಿಲ್ಲೆ. ಅದರ ಹಿಂದೆ ಇಸ್ತ್ರಿ ಹಬೆ, ಕೋಟಿನ ಉಣ್ಣೆ ಸ್ವಲ್ಪ ಬೆವೆತ ಹಾಗೆ. ಅದರ ಹಿಂದೆ, ಬಾಗಿಲು ಹಾಕೋ ಹೊತ್ತಿಗೆ ಅವರು ಎರಡು ಅಂಗೈ ಮೇಜಿನ ಮೇಲೆ ಊರಿ ನಿಲ್ಲೋರು, ‘ಇವತ್ತಿಗೆ ಸಾಕು ಕಣೆ’ ಅನ್ನೋರು. ಅದು."

"ಅದಕ್ಕೂ ವಾಸನೆ ಇದೆಯಾ?"

"ಇದೆ."

ಅವನು ಕಣ್ಣು ಮುಚ್ಚಿಕೊಂಡಿದ್ದ. "ಸ್ವಲ್ಪ ಬಂದ ಹಾಗಾಯ್ತು ಅಕ್ಕ" ಎಂದ.

ಬೀರುವಿಗೆ ಹಳೆಯ ಮೇಜಿನ ಬೆನ್ನು ಬಂತು, ಹಳೆಯ ಮೇಜಿನ ಅಡ್ಡಹಲಗೆಗಳು ಬಂದವು. ಪುಡಿ ಹಲಗೆ ಮೆಟ್ಟಿಲಿಳಿದು ಹೋಯಿತು. ಅದಾದ ಕೆಲವು ದಿನಕ್ಕೆ ಗುಂಡಿಯಮ್ಮ ಸಂಜೆಯ ರಸ್ತೆಯಿಂದ ಬಂದು ಬಾಗಿಲಲ್ಲಿ ನಿಂತು ಉಸಿರೆಳೆದರೆ, ಎಲೆ. ಕಿಟಕಿಯಾಚೆಯ ಮರದ, ಹಸಿ ಎಲೆಯ ವಾಸನೆ. ಕೋಣೆ ಅದಕ್ಕೆ ದಾರಿ ಬಿಟ್ಟಿತ್ತು. ಕಣ್ಣು ಒಣಗಿತ್ತು, ಸೂಜಿ ಒಂದೇ ಇತ್ತು. ಆದರೂ ಡಾಕ್ಟರಮ್ಮ ಹೇಳಿದ್ದನ್ನು ಅವಳು ಮರೆಯಲಿಲ್ಲ: ಮೂಗಿಗೆ ಸಿಗದಷ್ಟು ಸಣ್ಣಗೆ ಉಳಿದಿರಬಹುದು, ಇನ್ನೂ ಬಹಳ ದಿನ ಗಾಳಿ ಆಡುತ್ತಿರಲಿ. ಅಳಿಯನೇ ಕಿಟಕಿಯ ಕೊಂಡಿಯನ್ನು ತೆರೆದ ಜಾಗದಲ್ಲೇ ತಂತಿಯಿಂದ ಬಿಗಿದ. "ಹೊಸ ಮನೆ ಹಳೇದಾಗ್ಹೋಯ್ತು" ಎಂದು ಒಂದು ನಿಟ್ಟುಸಿರು ಬಿಟ್ಟ, ಅಷ್ಟೆ.

ಕೂಸು ಬಂತು, ಹೆಣ್ಣು. ಮೊದಲ ಕೆಲವು ವಾರ ತಾಯಿಯ ಪಕ್ಕದಲ್ಲಿ ಮಲಗಿ, ಆಮೇಲೆ ಚಿಕ್ಕ ಕೋಣೆಗೆ ಬಂತು. ಗೋಡೆಯ ಮೇಲಿನ ನೀರಿನಂಥ ಬೆಳಕನ್ನು ನೋಡುತ್ತ, ಒಂದು ಸೀನೂ ಇಲ್ಲದೆ, ಮಧ್ಯಾಹ್ನಗಳನ್ನು ನಿದ್ದೆಯಲ್ಲಿ ಕರಗಿಸಿತು. ಮೂಗಯ್ಯ ನೋಡಲು ಬಂದಾಗ ಗುಂಡಿಯಮ್ಮ ಕೂಸನ್ನು ಅವನ ತೋಳಿಗೆ ಕೊಟ್ಟಳು. ಅವನು ತೂಗಿದ, ಮೊದಲ ದಿನ ತೂಗಿದ ಹಾಗೆಯೇ.

"ನೆತ್ತಿ ವಾಸನೆ ಹೇಳ್ಲಾ?" ಎಂದು ಅವಳು ಮೆಲ್ಲಗೆ ಕೇಳಿದಳು.

ಅವನು ತಲೆ ಅಲ್ಲಾಡಿಸಿದ. "ಬೇಡ ಅಕ್ಕ. ನನ್ನ ಮಗಳದ್ದೇ ಗೊತ್ತಿಲ್ಲ. ಇದನ್ನ ತಿಳ್ಕೊಂಡ್ರೆ ಅದು ಇನ್ನೂ ಚುಚ್ಚುತ್ತೆ. ಇದೊಂದು ಇರ್ಲಿ ಬಿಡಿ."

ಅಲ್ಲಿಂದ ಮುಂದೆ ಅವನು ಕೆಲಸ ಮುಗಿಸಿದ ಮನೆಗಳಿಗೆಲ್ಲ ಗುಂಡಿಯಮ್ಮನನ್ನು ಕರೆದುಕೊಂಡು ಹೋಗುತ್ತಿದ್ದ. "ನಮ್ಮಕ್ಕ, ಕೊನೇ ಹೊಲಿಗೆ ನೋಡೋರು" ಎಂದು ಪರಿಚಯ ಮಾಡುತ್ತಿದ್ದ. ಅವಳು ಆ ಬೀದಿಯಲ್ಲಿ ಒಂದು ಸುತ್ತು ಹಾಕಿ ಮೂಗು ತೊಳೆದುಕೊಂಡು ಬಂದು ಬಾಗಿಲಲ್ಲಿ ಒಂದು ಉಸಿರು ಎಳೆದು ಹೇಳುತ್ತಿದ್ದಳು. ಅವನು ಪುಡಿ ಹಲಗೆ ಮುಟ್ಟುವುದನ್ನು ಬಿಟ್ಟ. ಅಂಟಿನ ಗಾಳಿ ಕಡಿಮೆ ಬಿಡುವ ಹಲಗೆ ಯಾವುದು ಎಂದು ಅಂಗಡಿಯವರ ತಲೆ ತಿಂದು ತರುತ್ತಿದ್ದ. ಯಾರಾದರೂ ಪಾಲಿಶ್ ಆರುವ ಮೊದಲೇ ಸಾಮಾನು ತರಲು ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. "ಮೊದಲು ವಾಸನೆ ಮನೆ ಖಾಲಿ ಮಾಡ್ಲಿ ಸ್ವಾಮಿ, ಆಮೇಲೆ ನೀವು ವಾಸಕ್ಕೆ ಬನ್ನಿ. ಇಬ್ರೂ ಒಟ್ಟಿಗಿದ್ರೆ ಕಾಯಿಲೆ ವಾಸಿ ಆಗಲ್ಲ." ತನ್ನ ಮಾತಿಗೆ ತಾನೇ ನಗುತ್ತಿದ್ದ.

ವಾಪಸು ಬರುವ ದಾರಿಯಲ್ಲಿ ಅವನು ಕೇಳುತ್ತ ಬರುತ್ತಿದ್ದ, ಅವಳು ಹೇಳುತ್ತ ಬರುತ್ತಿದ್ದಳು. ಭಟ್ಟಿ ಏನು ವಾಸನೆ? ಮಳೆ ಬಿದ್ದ ಟಾರು? ಆ ಹೆಂಗಸಿನ ಚೀಲದಲ್ಲಿರುವ ಸೋಪು? ಅವಳಿಗೆ ಮಾತು ಸಾಲದಿದ್ದಾಗ ಬಟ್ಟೆಯಲ್ಲಿ ಹೇಳುತ್ತಿದ್ದಳು: ಇದು ತೊಳೆದ ಹತ್ತಿ ಬಟ್ಟೆಯಂತೆ, ಇದು ಒದ್ದೆ ಉಣ್ಣೆಯಂತೆ, ಇದು ಯಾರೂ ಹಾಕದ ರೇಷ್ಮೆಯಂತೆ. ಬಟ್ಟೆ ಅವನ ಬೆರಳಿಗೆ ಅರ್ಥವಾಗುತ್ತಿತ್ತು. ಎಷ್ಟೋ ಸಂಜೆ ಅವರು ಮನೆ ದಾಟಿ ಮುಂದೆ ಹೋಗಿಬಿಟ್ಟಿದ್ದು ತಿಳಿದು ನಗುತ್ತ ಹಿಂದಿರುಗಿದ್ದುಂಟು. ಕೂಸಿನ ನೆತ್ತಿಯ ಸುದ್ದಿ ಮಾತ್ರ ಅವನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಕೂಸು ಓಡಾಡಿ, ಶಾಲೆಗೆ ಹೋಗುವ ಹುಡುಗಿಯಾಗುವ ಹೊತ್ತಿಗೆ ಮೂಗಯ್ಯನ ಮಾತು ತುಂಡಾಗತೊಡಗಿತು. ಒಂದು ವಾಕ್ಯದ ನಡುವೆ ನಿಂತು ಉಸಿರು ಹುಡುಕುತ್ತಿದ್ದ. ಮೊದಲು ಹೋಗಿದ್ದು ಮೂಗು. ಹರೆಯದಲ್ಲಿ ಮುಚ್ಚಿದ ಕೋಣೆಗಳಲ್ಲಿ ಎಳೆದ ಗಾಳಿ ಅದರ ಕೆಳಗಿನ ಎದೆಯನ್ನೂ ಬಿಟ್ಟಿರಲಿಲ್ಲ. ಅವನ ಮಗಳು ಬಂದು ಆಸ್ಪತ್ರೆಗೆ ಸೇರಿಸಿದಳು.

ಗುಂಡಿಯಮ್ಮ ಹೋದ ಮಧ್ಯಾಹ್ನ ವಾರ್ಡಿನ ಉದ್ದನೆಯ ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವನ ಮುಖಕ್ಕೆ ಗಾಳಿಯ ಮುಖವಾಡ ಕಟ್ಟಿದ್ದರು, ಅವನ ಮೂಗಿಗೆ ಇದೂ ಚಿಕ್ಕದೇ. ಮಾತಾಡಿಸಬೇಡಿ ಎಂದು ನರ್ಸು ಹೇಳಿ ಹೋದಳು. ಅವನ ಮಗಳು ಪಕ್ಕದ ಸ್ಟೂಲಿನ ಮೇಲೆ ಕೂತಲ್ಲೇ ದಣಿದು ನಿದ್ದೆಹೋಗಿದ್ದಳು. ತಲೆ ಹಾಸಿಗೆಯ ಅಂಚಿಗೆ, ಅವನ ಕೈಯ ಹತ್ತಿರ ಒರಗಿತ್ತು.

ಗುಂಡಿಯಮ್ಮ ಬಂದದ್ದು ಅವನಿಗೆ ತಿಳಿಯಿತು. ಕಣ್ಣುಗಳು ನಕ್ಕವು. ಅವಳು ಇನ್ನೊಂದು ಪಕ್ಕ ಕೂತಳು. ಮುಖವಾಡದೊಳಗಿನ ಉಸಿರಿನ ಸದ್ದು ಮಾತ್ರ, ದೂರದಲ್ಲಿ ಯಾರೋ ನಿಧಾನವಾಗಿ ಹಲಗೆ ಉಜ್ಜುವ ಹಾಗೆ.

ಆಮೇಲೆ ಅವನ ಕೈ ಮೇಲೆದ್ದಿತು. ಒಂದು ಬೆರಳು ಮುಖವಾಡದ ಮೇಲಿಂದಲೇ ಮೂಗನ್ನು ಮುಟ್ಟಿತು. ಎರಡು ತೋಳೂ ಕಷ್ಟಪಟ್ಟು ಎದೆಯ ಮೇಲೆ ಮಡಚಿಕೊಂಡವು, ಮೆಲ್ಲಗೆ ತೂಗಿದವು. ಒಂದು ಕೈ ಬಿಡಿಸಿಕೊಂಡು ಮಗಳ ನೆತ್ತಿಯ ಮೇಲೆ ಕೂತಿತು. ಇನ್ನೊಂದು ಅಂಗೈ, ಮೊದಲ ದಿನ ಆ ಖಾಲಿ ಕೋಣೆಯಲ್ಲಿ ಕೇಳಿದ ಹಾಗೆಯೇ, ಗುಂಡಿಯಮ್ಮನ ಕಡೆಗೆ ಮೇಲಕ್ಕೆ ತಿರುಗಿತು: ಏನ್ ವಾಸನೆ, ಅಕ್ಕ?